ಎರಡು ಸಲ ಅರ್ಧ

ಕಲ್ಲು ಕೂರುವ ತನಕ ಕಮಾನನ್ನು ಹೊರುವ ಮರದ ಸೆಂಟ್ರಿಂಗ್ ಕಟ್ಟುವುದೇ ಆ ಬಡಗಿಯ ಕಸುಬು. ಆಸರೆ ಕಂಬ ತೆಗೆಯುವ ದಿನ ಕಟ್ಟಿದವನೇ ಕಮಾನಿನ ಕೆಳಗೆ ನಿಲ್ಲಬೇಕೆಂಬುದು ಅವರ ಮನೆತನದ ಹಟ. ನಲವತ್ತು ವರ್ಷ ಹೀಗೆ ನಿಂತರೂ ಅವನ ಕೂದಲು ಕೊಂಕಿರಲಿಲ್ಲ.

ಈ ಸಲದ ಲೆಕ್ಕ ಎಂಜಿನಿಯರ್ ಅಳಿಯನದು. ಅರ್ಧ ದೀರ್ಘವೃತ್ತದ ಕಮಾನು: ಅಗಲ ಇಪ್ಪತ್ತು ಅಡಿ, ಆಳೆತ್ತರದ ಗೋಡೆಗಳ ಮೇಲಿಂದ ಎತ್ತರ ಆರು. ಸಮೀಕರಣಕ್ಕೆ ಅಕ್ಷಗಳ ಅರ್ಧ ಬೇಕಲ್ಲ, ಅಳಿಯ ಇಪ್ಪತ್ತನ್ನು ಹತ್ತು ಮಾಡಿ ಎಕ್ಸ್ ವರ್ಗದ ಕೆಳಗೆ ನೂರು ಬರೆದ. ಅದು ಸರಿ. ಆರನ್ನೂ ಮೂರು ಮಾಡಿ ವೈ ವರ್ಗದ ಕೆಳಗೆ ಒಂಬತ್ತು ಬರೆದ.

"ಅರ್ಧ ದೀರ್ಘವೃತ್ತದ ಎತ್ತರ ಆಗ್ಲೇ ಅರ್ಧ ಕಣಪ್ಪ, ಅಲ್ಲಿ ಮೂವತ್ತಾರು ಬರ್ಬೇಕು. ಮೂರೇ ಅಡಿ ಎತ್ತರದ ಇಷ್ಟು ಚಪ್ಪಟೆ ಕಮಾನು ನಿಲ್ಲಲ್ಲ," ಎಂದ ಬಡಗಿ.

"ಮಾವ, ನೀವು ಮರ ಕೊಯ್ರಿ, ಸಾಕು."

ಬಡಗಿಗೆ ಪಿತ್ತ ನೆತ್ತಿಗೇರಿತು. ಬರೆದಂತೆಯೇ ಕೊಯ್ದ. ಕಲ್ಲು ಕೂತ ಮೇಲೆ ಅಳಿಯನ ಕೈಗೆ ಸುತ್ತಿಗೆ ಕೊಟ್ಟು, ತಾನು ಕೆಳಗೆ ಹೋಗಿ ನಿಂತ.

"ಕಂಬ ನೀನೇ ಹೊಡಿ."

ಅಳಿಯ ನಗುತ್ತ ಮೊದಲನೆಯದನ್ನು ಬೀಳಿಸಿದ. ಮಾವನ ಹೆಗಲ ಮೇಲೆ ಗಾರೆಯ ಪುಡಿ ಉದುರಿತು. ಅಳಿಯನ ನಗು ಇಂಗಿತು, ಎತ್ತಿದ ಸುತ್ತಿಗೆ ಎತ್ತಿದಲ್ಲೇ ನಿಂತಿತು.

ಬಡಗಿ ಹೆಗಲನ್ನು ಕೊಡವಿಕೊಳ್ಳಲೂ ಇಲ್ಲ.

"ಇನ್ನೂ ಮೂರಿದೆ, ಹೊಡಿ," ಎಂದ.