ಅಂಗಳದ ಬಾಯಲ್ಲಿ ಒಂದು ಮೊಟ್ಟೆ

ಬೆಳಗಿನ ಆರು ಗಂಟೆ. ಪಗೋಲ ಹಳ್ಳಿಯ ಕೈಪಂಪಿನ ತಲೆ ಬಿಚ್ಚಿ ಬದಿಗಿಟ್ಟಾಗಿದೆ. ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡ ಆಬಲೊ ಸಾಂತಾ ಒಂಬತ್ತನೇ ಪೈಪು ಮೇಲೆಳೆಯುತ್ತಿದ್ದಾಳೆ. ಸುತ್ತ ಹಳದಿ ಕ್ಯಾನು ಹಿಡಿದ ಹೆಂಗಸರು. ಗುಲು ಪಟ್ಟಣದಲ್ಲಿ ಇವಳು ನನ್ನ ಪಕ್ಕದ ಮನೆಯವಳು, ಹನ್ನೆರಡು ವರ್ಷದ ಸ್ನೇಹ. ಏಕವಚನಕ್ಕೆ ಓದುಗರು ಸಿಟ್ಟಾಗಬಾರದು.

"ನೋಡ್ತಾ ನಿಂತ್ರೆ ನೀರು ಬರಲ್ಲ, ಹಗ್ಗ ಹಿಡೀರಿ!" ಎಂದು ಗದರುತ್ತಾಳೆ.

"ಗಂಡಸರನ್ನ ಕಳಿಸ್ತಾರೆ ಅಂದ್ಕೊಂಡಿದ್ವಿ," ಒಬ್ಬಳು ಕಿಚಾಯಿಸುತ್ತಾಳೆ.

"ಗಂಡಸರು ಬಂದು ಹೋಗಿದ್ದಕ್ಕೇ ಅಲ್ವಾ, ಆರು ತಿಂಗಳಿಂದ ಕೆಟ್ಟು ನಿಂತಿರೋದು?"

ಈ ಸೀಮೆಯಲ್ಲಿ ಆಬಲೊ ರಿಪೇರಿ ಮಾಡಿದ ಪಂಪುಗಳು ಇನ್ನೂರ ಹನ್ನೊಂದು. ಪಗೋಲಕ್ಕೆ ಮಾತ್ರ ಇಷ್ಟು ವರ್ಷ ಏನೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದಳು. ಹನ್ನೊಂದನೇ ವಯಸ್ಸಿನಲ್ಲಿ ಬಂಡುಕೋರರು ಇವಳನ್ನು ಎಳ್ಳಿನ ಹೊಲದಿಂದ ಎಳೆದೊಯ್ದರು. ನಾಲ್ಕು ವರ್ಷ ಕಾಡು. ವಿಷ ಬೆರೆಸಿದ್ದಾರೇನೋ ಎಂದು ಹೊಸ ಬಾವಿಯ ನೀರನ್ನು ಅಲ್ಲಿ ಮೊದಲು ಮಕ್ಕಳಿಗೇ ಕುಡಿಸುತ್ತಿದ್ದರು. ಬಂದೂಕು ಬಿಚ್ಚಿ ಜೋಡಿಸಲು ಕಲಿತದ್ದೂ ಅಲ್ಲೇ.

"ಆ ಕೈಯೇ ಇದು. ಬೇರೆ ಕೈ ಎಲ್ಲಿಂದ ತರ್ಲಿ?" ಎನ್ನುತ್ತಾಳೆ.

ತಪ್ಪಿಸಿಕೊಂಡು ಬಂದ ದಿನ ತನ್ನೂರಿನ ಅಂಗಳದಲ್ಲಿ ಮೊಟ್ಟೆ ತುಳಿದು ಮನೆಯೊಳಗೆ ಹೋದಳು. ಕಾಡಿನಿಂದ ಬಂದವರನ್ನು ನಮ್ಮಲ್ಲಿ ಸೇರಿಸಿಕೊಳ್ಳುವುದೇ ಹಾಗೆ. ಆದರೆ ಹನ್ನೆರಡರ ಹುಡುಗಿಯಾಗಿ ಬಂಡುಕೋರರ ಜೊತೆ ಇದೇ ಪಗೋಲದ ಮೇಲಿನ ದಾಳಿಗೂ ಅವಳು ಬಂದಿದ್ದಳು. ಅಂದು ಹಿಡಿದೊಯ್ದ ಓಚಾನ್ ಎಂಬ ಹುಡುಗನ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಇವಳ ಕೈಯಲ್ಲಿತ್ತು. ಅವನು ಮರಳಲಿಲ್ಲ. ಅವನ ತಾಯಿ ಇಲ್ಲೇ ಇದ್ದಾರೆ. ಅವರಿಗೆ ಎಲ್ಲ ಗೊತ್ತು, ಹೇಳಿ ಕಳಿಸಿದವಳು ಇವಳೇ.

"ಆಯಮ್ಮ ನನ್ನ ಪಂಪಿನ ನೀರು ಕುಡೀದೇ ಹೋದ್ರೆ ಏನು ರಿಪೇರಿ ಮಾಡಿ ಏನು ಬಂತು?" ಎಂದು ದಾರಿಯುದ್ದಕ್ಕೂ ಕೇಳಿದ್ದಳು.

ಏಳೂವರೆ. ಹೊಸ ವಾಷರ್ ಕೂತಿದೆ, ಪೈಪೆಲ್ಲ ಇಳಿದಿದೆ. ಹತ್ತು ಸಲ ಒತ್ತಿದರೆ ಬರೀ ಗಾಳಿ. ಇಪ್ಪತ್ತಕ್ಕೆ ಕೆಸರು. ಮೂವತ್ತಕ್ಕೆ ಭರ್ರನೆ ನೀರು! ನಾಲಿಗೆ ಹೊರಳಿಸಿ ಹೆಂಗಸರು ಹಾಕಿದ ಸಂಭ್ರಮದ ಲುಲು ಕೂಗಿಗೆ ಮಾವಿನ ಮರದ ಹಕ್ಕಿಗಳೆಲ್ಲ ಹಾರಿದವು. ನಾನೂ ಕುಣಿದೆ, ಸುಳ್ಳೇಕೆ? ಮೊದಲ ಬೊಗಸೆ ಆಬಲೊಳದ್ದೇ, ಅದು ಅವಳ ನೇಮ. ಕುಡಿದು ಸುತ್ತ ನೋಡುತ್ತಾಳೆ. ಮುಂಜಾನೆಯಿಂದ ಗುಂಪಿನ ಅಂಚಿನಲ್ಲಿ ನಿಂತಿದ್ದ ಮುದುಕಿ, ಓಚಾನನ ತಾಯಿ, ಕಾಣುತ್ತಿಲ್ಲ.

ಆಬಲೊ ಕ್ಯಾನು ತುಂಬಿಸಿ ತಲೆಗೇರಿಸಿ ಹೊರಡುತ್ತಾಳೆ. ನಾವೆಲ್ಲ ಹಿಂದೆ. ಮುದುಕಿಯ ಅಂಗಳದ ಬಾಯಲ್ಲಿ, ನೆಲದ ಮೇಲೆ, ಒಂದು ಮೊಟ್ಟೆ. ಆಬಲೊ ಹನಿ ತುಳುಕದಂತೆ ಅದನ್ನು ದಾಟಿಬಿಡುತ್ತಾಳೆ.

"ಏಯ್! ಕೋಳಿ ಕೈಲಿ ಕುಕ್ಕಿಸಿಕೊಂಡು ತಂದಿಟ್ಟಿದ್ದೀನಿ, ಹಾರಿಕೊಂಡು ಬರ್ತೀಯಾ?" ಬಾಗಿಲಿಂದ ಮುದುಕಿಯ ಕೂಗು.

"ಯಾರಿಗೋ ಇಟ್ಟಿದ್ದೀರಿ ಅಂದ್ಕೊಂಡೆ ಅವ್ವಾ. ನಾನು ನಮ್ಮೂರಲ್ಲಿ ಆಗ್ಲೇ ತುಳಿದಿದ್ದೀನಿ."

"ಅದು ನಿಮ್ಮೂರಿಂದು. ಇದು ನಮ್ಮೂರಿಂದು. ಆಚೆ ಹೋಗಿ ಸರಿಯಾಗಿ ಬಾ."

ಆಬಲೊ ಆಚೆ ಹೋಗಿ, ಚಪ್ಪಲಿ ಬಿಟ್ಟು, ಬಲಗಾಲಿಡುತ್ತಾಳೆ. ಚಿಪ್ಪು ಒಡೆದ ಸದ್ದು ನನಗೂ ಕೇಳಿಸಿತು, ಕಣ್ಣು ತುಂಬಿ ಬಂತು. ಮುದುಕಿ ತಾವೇ ಕ್ಯಾನು ಇಳಿಸಿಕೊಂಡು, ಸೋರೆಬುರುಡೆಯಲ್ಲಿ ಮೊಗೆದು ಕುಡಿಯುತ್ತಾರೆ.

"ತುಕ್ಕಿನ ರುಚಿ," ಎಂದು ಮುಖ ಕಿವಿಚುತ್ತಾರೆ.

"ಎರಡು ದಿನಕ್ಕೆ ಹೋಗುತ್ತೆ ಅವ್ವಾ. ಹೋಗ್ದಿದ್ರೆ ನಾನೇ ಬರ್ತೀನಿ."

"ಹೋದ್ರೂ ಬಾ."