ಅತ್ತೆಯ ಮೊಣಕೈ ಎತ್ತರದ ಮೇಜು

ನಾನು ಮದುವೆಯಾಗಿ ತಿಕೋಂಡಿಗೆ ಬಂದ ಮರುವರ್ಷ, ಐವತ್ತರ ದಶಕದ ಆರಂಭದಲ್ಲಿ, ನನ್ನ ಗಂಡ ವಿಜಾಪುರದಿಂದ ಕೈಯಲ್ಲಿ ತಿರುಗಿಸುವ ಹೊಲಿಗೆ ಮಷೀನು ತಂದರು. ಅದನ್ನು ನೆಲದ ಮೇಲಿಟ್ಟು ಹೊಲಿದು ನನಗೂ ಅತ್ತೆಗೂ ಸೊಂಟ ಹಿಡಿದುಕೊಂಡಿತು. ಮೇಜು ಬೇಕೆಂದರೆ ಗಂಡ, "ಸುಗ್ಗಿ ಆಗಲಿ, ನೋಡೂಣು," ಎಂದು ವ್ಯಾಪಾರಕ್ಕೆ ಹೊರಟುಹೋದರು.

ಅತ್ತೆ ಸುಗ್ಗಿಯವರೆಗೆ ಕಾಯುವ ಹೆಂಗಸಲ್ಲ. ಮಾವ ಹೊಲದಲ್ಲಿದ್ದ ಹೊತ್ತು ನೋಡಿ, ಕೊಟ್ಟಿಗೆಯ ಹಳೆಯ ಬಾಗಿಲನ್ನು ಎಳೆದು ತಂದು ಪಡಸಾಲೆಯಲ್ಲಿ ಕೆಡವಿದರು. ಅದೇ ಮೇಜಿನ ಹಲಗೆ; ಕಾಲುಗಳಿಗೆ ಜಾಲಿ ಕಟ್ಟಿಗೆ ಇತ್ತು. ಎಷ್ಟುದ್ದ ಕೊಯ್ಯಬೇಕೆಂಬುದೇ ಗೊತ್ತಿರಲಿಲ್ಲ.

"ಒಮ್ಮಿ ಕೊಯ್ದ್ರ ಮತ್ತ ಬೆಳಿಯಂಗಿಲ್ಲ ಅದು," ಎಂದರು ಅತ್ತೆ. "ಮೊದಲ ಇಟ್ಟಂಗಿ ಇಟ್ಟು ನೋಡೂಣು."

ನಾಲ್ಕು ಮೂಲೆಗೂ ಇಟ್ಟಂಗಿ ಪೇರಿಸಿ ಬಾಗಿಲನ್ನು ಮೇಲಿಟ್ಟೆವು. ಮನೆಯಲ್ಲಿದ್ದದ್ದು ಒಂದೇ ಕುರ್ಚಿ. ಊರಿನ ಹೊಲಗಳ ಲೆಕ್ಕ ಬರೆಯುವ ತಲಾಠಿ ಬಂದಾಗ ಮಾತ್ರ ಅದು ಹೊರಗೆ ಬರುತ್ತಿತ್ತು. ಅತ್ತೆ ಅದರ ಮೇಲೆ ಎಂದೂ ಕೂತವರಲ್ಲ. ಅಂದು ಅಂಜುತ್ತಲೇ ಏರಿ ಕುಳಿತರು. ಗಿಡ್ಡ ಜೀವ, ಕಾಲು ನೆಲಕ್ಕೆ ಮುಟ್ಟಲಿಲ್ಲ, ಹಲಗೆ ಗದ್ದಕ್ಕೆ ಬಂತು. ಸ್ವಲ್ಪ ಹೊತ್ತು ಕಾಲು ತೂಗುತ್ತ ಕುಳಿತವರು, ಇದ್ದಕ್ಕಿದ್ದಂತೆ ಮುಖ ಗಂಟಿಕ್ಕಿ ನನ್ನನ್ನು ಕೇಳಿದರು: "ಕಾಯ್ ಪಾಹಿಜೆ?"

ಏನು ಬೇಕೆಂದು ಮರಾಠಿಯಲ್ಲಿ ಗದರುವ ಥೇಟ್ ತಲಾಠಿಯ ದನಿ. ನಾನು ಕೈಮುಗಿದು, "ಹೊಲದ ಉತಾರಾ ಬೇಕಾಗಿತ್ರಿ, ಸಾಹೇಬ್ರ," ಎಂದು ಪಹಣಿಯ ನಕಲು ಕೇಳಿದೆ.

"ಉದ್ಯಾ ಯಾ," ಎಂದು ನಾಳೆ ಬರಲು ಹೇಳಿ ಅತ್ತೆ ಮುಖ ತಿರುವಿದರು.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ನಾನು ಹಲಗೆಗೆ ಒರಗಿದೆ, ಇಟ್ಟಂಗಿ ಕುಸಿದವು, ಬಾಗಿಲು ದಡಕ್ಕನೆ ನೆಲಕ್ಕೆ ಬಿತ್ತು. ತಲೆ ಎತ್ತಿದರೆ ಹೊಸ್ತಿಲಲ್ಲಿ ಮಾವ.

ಮಾವನ ಮಾತು ಕಡಿಮೆ, ನಗು ಇನ್ನೂ ಕಡಿಮೆ. ನಾನು ಸೆರಗು ಹೊದ್ದು ಗೋಡೆಗೆ ಸರಿದೆ. ಅತ್ತೆಗೆ ಕುರ್ಚಿಯಿಂದ ಲಗುಬಗೆಯಿಂದ ಇಳಿಯಲೂ ಬರಲಿಲ್ಲ. ಮಾವ ಚಪ್ಪಲಿ ಕಳಚಿದರು, ಮೆಲ್ಲನೆ ಒಳಗೆ ಬಂದರು, ಕುರ್ಚಿಯ ಮುಂದೆ ನಿಂತು ಕೈಮುಗಿದರು.

"ಸಾಹೇಬ್ರ, ನನ್ನ ಉತಾರಾ ಇವತ್ತರ ಸಿಗತೈತೇನ್ರಿ?"

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದೆ. ಅಲ್ಲಿ ಜೋಳದ ಚೀಲದ ಮೇಲೆ ಬಿದ್ದು ನಕ್ಕೆ. ಹೊರಗೆ ಅತ್ತೆ ಕಣ್ಣೊರೆಸಿಕೊಳ್ಳುತ್ತ, "ಸೊಸಿ ಮುಂದ ಹಿಂಗ ಮಾಡ್ತಾರೇನ್ರಿ," ಎನ್ನುತ್ತಿದ್ದರು.

ಆಮೇಲೆ ಇಟ್ಟಂಗಿಗಳನ್ನು ಮಾವನೇ ಮತ್ತೆ ಪೇರಿಸಿದರು. ಈ ಸಲ ನಾನು ಮಷೀನನ್ನೂ ತಂದು ಮೇಲಿಟ್ಟೆ. ಆಗ ಗೊತ್ತಾಯಿತು, ನಾವು ಮಷೀನಿನ ಎತ್ತರವನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದರ ಹಿಡಿ ಅತ್ತೆಯ ಕಿವಿಯ ಹತ್ತಿರ ಹೋಗಿತ್ತು. ಮಾವ ಒಂದೊಂದೇ ಸಾಲು ತೆಗೆಯುತ್ತ, "ಈಗ?" ಎನ್ನುವುದು, ಅತ್ತೆ "ಇನ್ನೂ" ಎನ್ನುವುದು. ಕೊನೆಗೆ ಹಿಡಿ ಅತ್ತೆಯ ಮೊಣಕೈಗೆ ಸರಿಯಾಗಿ ಬಂತು. ನಾನು ಕುಳಿತು ನೋಡಿದರೆ ಮೊಣಕಾಲು ಹಲಗೆಗೆ ಬಡಿಯಿತು.

"ಅತ್ತೀಗೆ ಸರಿ ಆದ್ರ ಸಾಕ್ರಿ," ಎಂದೆ.

"ನಿನ್ನ ಮೊಣಕಾಲ ಎಲ್ಲಿ ಇಡ್ತಿ, ಬಗಲಾಗೇನು?" ಎಂದರು ಅತ್ತೆ. "ಒಂದ ಇಟ್ಟಂಗಿ ಏರಸ್ರಿ. ನಾ ಕೌದಿ ಹಾಕ್ಕೊಂಡು ಕುಂದರ್ತೀನಿ."

ಆ ಎತ್ತರಕ್ಕೇ ಹಗ್ಗ ಹಿಡಿದು ಅಳೆದು ಮಾವ ಕಾಲು ಕೊಯ್ದರು. ಸಂಜೆಯೊಳಗೆ ಮೇಜು ನಿಂತಿತು. ಹೊಲಿದು ನೋಡಲು ಹರಿದ ಬಟ್ಟೆ ಹುಡುಕುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ; ಮಾವ ಹೆಗಲ ಮೇಲಿನ ಟವೆಲ್ ಕೊಟ್ಟರು. ಕೌದಿಯ ಮೇಲೆ ಕುಳಿತ ಅತ್ತೆ ಹಿಡಿಯನ್ನು ಎಷ್ಟು ಜೋರಾಗಿ ತಿರುಗಿಸಿದರೆಂದರೆ, ನಾನು ಬಟ್ಟೆ ಸರಿಪಡಿಸುವಷ್ಟರಲ್ಲಿ ಟವೆಲಿನ ಎರಡೂ ತುದಿ ಒಂದಕ್ಕೊಂದು ಹೊಲಿದುಹೋಗಿದ್ದವು. ಮಾವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಹಾರದಂತೆ ಕೊರಳಿಗೆ ಹಾಕಿಕೊಂಡು ದನ ಕಟ್ಟಲು ಹೋದರು.