ಸೌದೆಯೋ, ಬಾಗಿಲೋ

ಹಡಗಿನಲ್ಲಿ ಬರುವ, ಕೆಡವಿದ ಹಳೇ ಮನೆಗಳ ಮರ ಮೂಸಿ ಮೂಸಿ ಸುಂಕದ ಸಾಹೇಬರು ಎಷ್ಟು ದಣಿದಿದ್ದಾರೆಂದರೆ, ಅವರು ಆಕಳಿಸಿದರೆ ಲಂಗರು ಹಾಕಿದ ಹಡಗೂ ಎರಡು ಮಾರು ಹಿಂದೆ ಸರಿಯುತ್ತದೆ. ಸೌದೆಯೆಂದು ಬರೆದರೆ ಸುಂಕ ಚಿಲ್ಲರೆ, ಹಲಗೆಯೆಂದರೆ ಜಾಸ್ತಿ, ಬಾಗಿಲೆಂದರೆ ತರಿಸಿದವನು ಮುಳುಗಿದ ಹಾಗೆಯೇ. ಮನೆಯಲ್ಲೂ ಕುರ್ಚಿಯನ್ನು ಉಗುರಿನಿಂದ ಕೆರೆದು ನೋಡುತ್ತಾರೆ. “ಅದು ಕುರ್ಚಿ ಕಣ್ರೀ, ಕೂತ್ಕೊಳ್ಳಿ” ಎನ್ನುತ್ತಾರೆ ಹೆಂಡತಿ. ಇವತ್ತು ವ್ಯಾಪಾರಿಯೊಬ್ಬ ಸೌದೆಯೆಂದು ತರಿಸಿದ ರಾಶಿಯ ತುಂಬ ಮುಕ್ಕಾಗದ ಬಾಗಿಲುಗಳು. ಗೋಡೆಗೆ ಒರಗಿಸಿದ್ದ ಒಂದನ್ನು ಸಾಹೇಬರು ಮೆಲ್ಲಗೆ ತಟ್ಟಿ ಕಿವಿಗೊಟ್ಟರು. “ಒಳಗೆ ಯಾರಿದ್ದಾರೆ ಸಾರ್, ಮನೇನೇ ಇಲ್ವಲ್ಲ. ಸೌದೆ ಅಂತ ಬರೆದು ನನ್ನ ಉಳಿಸಿ” ಎಂದ ವ್ಯಾಪಾರಿ. “ನೀನೂ ಒಂದ್ಸಲ ತಟ್ಟಯ್ಯ.” ಅವನು ತಟ್ಟಿದ, ತಟ್ಟಿ, ಅಂಗಿ ಸರಿಮಾಡಿಕೊಂಡು ಕಾದು ನಿಂತ. “ಸೌದೆ ಮುಂದೆ ಯಾರೂ ಹೀಗೆ ನಿಲ್ಲಲ್ಲ ಕಣಯ್ಯ” ಎಂದು ನಿಟ್ಟುಸಿರಿಟ್ಟ ಸಾಹೇಬರು ಬಾಗಿಲೆಂದೇ ಬರೆದರು.